ಜಗಳ ಆಡಲೂ ಬಾರದ ಬಿಗ್ ಬಾಸ್ ಮನೆ

ಬಿಗ್ ಬಾಸ್ ಕೆಟ್ಟುಹೋಯಿತು ಎನ್ನುವವರು ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ. ಹಾಗೆ ಹೇಳುವವರಲ್ಲಿ ಬಹಳಷ್ಟು ಜನರಿಗೆ ನಿನ್ನೆ ರಾತ್ರಿ ಯಾರು ನಾಮಿನೇಟ್ ಆದರು ಎಂಬುದೂ ಗೊತ್ತಿರುತ್ತದೆ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಇಷ್ಟು ವರ್ಷ ಮನೆಯೊಳಗೆ ಬಿಟ್ಟುಕೊಂಡ ಕಾರ್ಯಕ್ರಮ ಹಾಳಾಗುವಾಗ ಜನ ಬೈಯುತ್ತಲೇ ನೋಡುತ್ತಾರೆ.

ಈಚಿನ ಸೀಸನ್‌ಗಳು ಬರುವುದು ಸೆಪ್ಟೆಂಬರ್ ಕೊನೆಯಿಂದ ಜನವರಿವರೆಗೆ. ನಮ್ಮಲ್ಲಿ ಅದು ಕೊನೆಕೊಯ್ಲಿನ ಕಾಲ. ರಾತ್ರಿ ಒಂಬತ್ತೂವರೆಗೆ ಕಲರ್ಸ್ ಕನ್ನಡದಲ್ಲಿ ಬಿಗ್ ಬಾಸ್ ಶುರುವಾಗುವ ಹೊತ್ತಿಗೆ ಜಗಲಿಯಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯುತ್ತಾ ಕೂತವರಿರುತ್ತಾರೆ. ಕೈಗೆ ಕೆಲಸ, ಕಣ್ಣಿಗೆ ಟಿವಿ. ಟಿವಿ ದೂರ ಇದ್ದರೆ ಡಬ್ಬಕ್ಕೆ ಆನಿಸಿಟ್ಟ ಮೊಬೈಲ್. ಮನೆಯವರು, ಕೆಲಸಕ್ಕೆ ಬಂದವರು, ಅಜ್ಜಿ, ಪಿಯುಸಿ ಓದುವ ಹುಡುಗಿ ಎಲ್ಲರೂ ಒಟ್ಟಿಗೆ ಕೂತು ನೋಡುವ ಕಾರ್ಯಕ್ರಮಗಳು ಈಗ ಎಷ್ಟಿವೆ? ಹಾಗಾಗಿಯೇ ಇದರ ಬಗ್ಗೆ ಬರೆಯಬೇಕು ಅನ್ನಿಸಿತು.

ಮೊದಲೇ ಒಂದು ಮಾತು. ಟಿಆರ್‌ಪಿ ಬಿದ್ದಿದೆ ಎಂದು ನಾವು ಹೇಳುತ್ತಿಲ್ಲ. ಜಾಹೀರಾತಿಗೇನೂ ಕೊರತೆ ಕಾಣುವುದಿಲ್ಲ. ನಮ್ಮ ಮಾತು ಕಾರ್ಯಕ್ರಮದ ಒಳಗಿನ ಸರಕಿನ ಬಗ್ಗೆ. "ಬರೀ ಜಗಳ" ಎಂಬ ದೂರನ್ನು ಎಲ್ಲರೂ ಹೇಳುತ್ತಾರೆ. ನಮಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಜಗಳ ಕೇಳುವುದು ಮಲೆನಾಡಿನವರಿಗೆ ಹೊಸದಲ್ಲ. ಮಳೆಗಾಲದ ರಾತ್ರಿ ನಿದ್ದೆಗೆಟ್ಟು ಕೂತು ಜಗಳ ಕೇಳುವ ಜನ ನಾವು. ಅದನ್ನು ತಾಳಮದ್ದಲೆ ಅನ್ನುತ್ತೇವೆ. ಬಿಗ್ ಬಾಸ್ ಇಳಿದುಹೋದದ್ದು ಅಲ್ಲಿ ಜಗಳ ಹೆಚ್ಚಾಯಿತು ಎಂಬ ಕಾರಣಕ್ಕಲ್ಲ, ಆ ಜಗಳದಲ್ಲಿ ಮಾತೇ ಇಲ್ಲದಂತಾಯಿತು ಎಂಬ ಕಾರಣಕ್ಕೆ.

ಶುರುವಿನಲ್ಲಿ ಏನಿತ್ತು?

ಇದು ನಮ್ಮ ನೆಲದಲ್ಲಿ ಹುಟ್ಟಿದ ಆಟವಲ್ಲ. 1999ರಲ್ಲಿ ನೆದರ್ಲೆಂಡ್ಸ್‌ನಲ್ಲಿ ‘ಬಿಗ್ ಬ್ರದರ್’ ಎಂಬ ಹೆಸರಿನಲ್ಲಿ ಶುರುವಾಯಿತು. ಆ ಹೆಸರು ಜಾರ್ಜ್ ಆರ್ವೆಲ್ ಬರೆದ ‘1984’ ಕಾದಂಬರಿಯದು. ಎಲ್ಲರ ಮೇಲೂ ಸದಾ ಕಣ್ಣಿಟ್ಟಿರುವ ಸರ್ವಾಧಿಕಾರಿಯ ಹೆಸರು ಅದು. ಹಿಂದಿಗೆ 2006ರಲ್ಲಿ ‘ಬಿಗ್ ಬಾಸ್’ ಆಗಿ ಬಂತು. ಕನ್ನಡಕ್ಕೆ ಬಂದದ್ದು 2013ರ ಮಾರ್ಚ್‌ನಲ್ಲಿ, ಈಟಿವಿ ಕನ್ನಡದಲ್ಲಿ. ನಿರೂಪಕ ಶಿವಮೊಗ್ಗದವರೇ ಆದ ಸುದೀಪ್. ಮನೆ ಇದ್ದದ್ದು ಮಹಾರಾಷ್ಟ್ರದ ಲೋಣಾವಳದಲ್ಲಿ.

ಮೊದಲ ಸೀಸನ್ ಗೆದ್ದವರು ವಿಜಯ ರಾಘವೇಂದ್ರ. ಎರಡನೇ ಸ್ಥಾನಕ್ಕೆ ಬಂದವರು ನಮ್ಮ ಸಾಗರದ ಹೆಸರನ್ನು ತಮ್ಮ ಹೆಸರಿನಲ್ಲೇ ಇಟ್ಟುಕೊಂಡ ಅರುಣ್ ಸಾಗರ್. ಆ ಮನೆಯಲ್ಲಿ ನಿರೂಪಕಿ ಅಪರ್ಣಾ ಇದ್ದರು. 2024ರ ಜುಲೈನಲ್ಲಿ ತೀರಿಕೊಂಡ ಅವರ ಕನ್ನಡವನ್ನು ಇವತ್ತಿಗೂ ಬೆಂಗಳೂರಿನ ಮೆಟ್ರೊದಲ್ಲಿ ಕೇಳಬಹುದು. ಜ್ಯೋತಿಷಿ ನರೇಂದ್ರ ಬಾಬು ಶರ್ಮ ಇದ್ದರು. ಸಿನಿಮಾದವರು, ರಂಗಭೂಮಿಯವರು, ಟಿವಿಯವರು, ಕಾವಿ ಉಟ್ಟವರು ಎಲ್ಲ ಒಂದೇ ಸೂರಿನಡಿ.

ಆಗಲೂ ಜಗಳ ಇತ್ತು. ಅದನ್ನು ಮರೆತು "ಹಿಂದೆ ಎಲ್ಲ ಚೆನ್ನಾಗಿತ್ತು" ಎಂದರೆ ಸುಳ್ಳಾಗುತ್ತದೆ. ಆದರೆ ಆಗ ಯಾರಿಗೂ ಆಟ ಗೊತ್ತಿರಲಿಲ್ಲ. ಒಂದು ಮನೆಯಲ್ಲಿ ಪರಿಚಯವೇ ಇಲ್ಲದವರು ಫೋನಿಲ್ಲದೆ, ಪೇಪರಿಲ್ಲದೆ ನೂರು ದಿನ ಕೂತರೆ ಏನು ಮಾತಾಡುತ್ತಾರೆ ಎಂಬುದನ್ನು ನೋಡುವ ಕುತೂಹಲ ನಮಗಿತ್ತು. ಅವರು ಅಡುಗೆ ಮಾಡುತ್ತಾ ತಮ್ಮ ಅಪ್ಪನ ಬಗ್ಗೆ ಹೇಳುತ್ತಿದ್ದರು. ಪಾತ್ರೆ ತೊಳೆಯುತ್ತಾ ಮುನಿಸಿಕೊಳ್ಳುತ್ತಿದ್ದರು. ಕೂಡುಮನೆಯಲ್ಲಿ ಬೆಳೆದವರಿಗೆ ಇದೆಲ್ಲ ಚೆನ್ನಾಗಿ ಅರ್ಥವಾಗುವ ಸಂಗತಿ. ಜತೆಗೆ ಮನೆಯೊಳಗೆ ಕನ್ನಡವನ್ನೇ ಮಾತಾಡಬೇಕು ಎಂಬ ನಿಯಮ. ಇಂಗ್ಲಿಷ್ ಬಂದರೆ ಬಿಗ್ ಬಾಸ್ ದನಿ ತಿದ್ದುತ್ತಿತ್ತು. ಇದನ್ನು ಕಾರ್ಯಕ್ರಮದ ಲೆಕ್ಕಕ್ಕೆ ಜಮಾ ಮಾಡಲೇಬೇಕು.

ಆಟ ಕಲಿತವರ ಮನೆ

ಎರಡನೇ ಸೀಸನ್ ಸುವರ್ಣ ವಾಹಿನಿಗೆ ಹೋಯಿತು. ಮೂರನೆಯದು ಕಲರ್ಸ್ ಕನ್ನಡಕ್ಕೆ. 2025ರ ಸೆಪ್ಟೆಂಬರ್ 28ರಂದು 12ನೇ ಸೀಸನ್ ಶುರುವಾಯಿತು. ಇಷ್ಟು ವರ್ಷದಲ್ಲಿ ಆದ ದೊಡ್ಡ ಬದಲಾವಣೆ ಎಂದರೆ, ಈಗ ಒಳಗೆ ಹೋಗುವವರೆಲ್ಲ ಹಿಂದಿನದನ್ನು ನೋಡಿಕೊಂಡೇ ಹೋಗುತ್ತಾರೆ. ಯಾವಾಗ ಅಳಬೇಕು, ಯಾರ ಜತೆ ಜೋಡಿಯಾಗಿ ಕಾಣಿಸಿಕೊಳ್ಳಬೇಕು, ಯಾರ ಮೇಲೆ ಕೂಗಿದರೆ ಶನಿವಾರ ಸುದೀಪ್ ಎದುರು ಹೆಸರು ಬರುತ್ತದೆ ಎಂಬುದೆಲ್ಲ ಬಾಯಿಪಾಠ.

2022 ಇದಕ್ಕೆ ಒಳ್ಳೆಯ ಉದಾಹರಣೆ. ಆ ವರ್ಷ ಮೊದಲು ಮೊಬೈಲಿಗೆಂದೇ ಒಟಿಟಿ ಸೀಸನ್ ಮಾಡಿದರು. ಅದು ಮುಗಿಯುತ್ತಿದ್ದಂತೆ ಟಿವಿಯಲ್ಲಿ 9ನೇ ಸೀಸನ್. ಒಟಿಟಿಯಿಂದ ನಾಲ್ವರು ನೇರವಾಗಿ ಈ ಮನೆಗೆ ಬಂದರು. ಹಳೆಯ ಸೀಸನ್‌ಗಳ ಸ್ಪರ್ಧಿಗಳನ್ನು "ಪ್ರವೀಣರು" ಎಂದು ಕರೆದು ಹೊಸಬರ ಜತೆ ಕೂರಿಸಿದರು. ಅರುಣ್ ಸಾಗರ್ ಕೂಡ ಮತ್ತೆ ಬಂದರು. ಗುರುತು ಪರಿಚಯವಿಲ್ಲದವರನ್ನು ಒಂದೆಡೆ ಇಟ್ಟು ನೋಡುವುದೇ ಈ ಆಟದ ಮೂಲ. ಬಂದವರೇ ಮತ್ತೆ ಬಂದರೆ ಉಳಿಯುವುದು ತಾಲೀಮು ಮಾಡಿಕೊಂಡ ನಾಟಕ, ಅದೂ ಸಂಭಾಷಣೆ ಬರೆಯುವವರಿಲ್ಲದ ನಾಟಕ.

ಇನ್ನೊಂದು ಬದಲಾವಣೆ ನಮ್ಮ ಕೈಯಲ್ಲೇ ಇದೆ, ಅದು ಮೊಬೈಲ್. ಬಿಗ್ ಬಾಸ್ ಮನೆಯ ಕ್ಯಾಮೆರಾಗಳು ಇಡೀ ದಿನ ಓಡುತ್ತವೆ. ಆ 24 ಗಂಟೆಯನ್ನು ಎಡಿಟಿಂಗ್ ಟೇಬಲ್ಲಿನಲ್ಲಿ ಕತ್ತರಿಸಿ ಒಂದೂವರೆ ಗಂಟೆ ಮಾಡುತ್ತಾರೆ. ಅದರಿಂದ ಮತ್ತೆ ಅರ್ಧ ನಿಮಿಷದ ತುಂಡುಗಳನ್ನು ತೆಗೆದು ಬೆಳಿಗ್ಗೆಯೇ ಪ್ರೊಮೊ ಎಂದು ಹರಿಬಿಡುತ್ತಾರೆ. ಅರ್ಧ ನಿಮಿಷದಲ್ಲಿ ಒಬ್ಬ ಮನುಷ್ಯ ತನ್ನ ಅಪ್ಪನ ಕಥೆ ಹೇಳಿ ಮುಗಿಸಲಾರ. ಆದರೆ ಅರ್ಧ ನಿಮಿಷದಲ್ಲಿ "ಏಯ್" ಎಂದು ಎದ್ದು ನಿಲ್ಲಬಹುದು. ಹಾಗಾಗಿ ಎದ್ದು ನಿಲ್ಲುವವನೇ ಉಳಿಯುತ್ತಾನೆ. ಕೂತು ಮಾತಾಡುವವರು "ಕಾಣಿಸ್ತಾನೇ ಇಲ್ಲ" ಎಂಬ ಕಾರಣಕ್ಕೆ ನಾಮಿನೇಟ್ ಆಗುತ್ತಾರೆ. ಸುಮ್ಮನಿರುವುದು ಒಂದು ಅಪರಾಧ ಎಂಬಂತಾಗಿದೆ.

ನಮ್ಮ ಜಗಳಕ್ಕೆ ಒಂದು ಕ್ರಮ ಇತ್ತು

ತಾಳಮದ್ದಲೆಯನ್ನು ನೆನಪಿಸಿದ್ದು ಸುಮ್ಮನೆ ಅಲ್ಲ. ವಾಲಿ ವಧೆ ಪ್ರಸಂಗ ತೆಗೆದುಕೊಳ್ಳಿ. ಬಾಣ ತಿಂದು ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ರಾಮ ದೇವರು, ಎಲ್ಲರೂ ಕೈಮುಗಿಯುವವನು. ಆದರೂ ಆ ರಾತ್ರಿ ರಾಮನ ಅರ್ಥ ಹೇಳುವವರು ಉತ್ತರ ಕೊಡಲೇಬೇಕು. ಬರಿದೇ ಕೂಗಿದರೆ ಸಭೆ ಒಪ್ಪುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಸೋತವನ ಬಾಯಲ್ಲಿ ಅಂಥ ಮಾತು ಇತ್ತು ಎಂಬುದಕ್ಕೇ ನೆನೆಯುತ್ತಾರೆ.

ಕೃಷ್ಣ ಸಂಧಾನದಲ್ಲಿ ಕೌರವನಿಗೂ ಅವನ ನ್ಯಾಯ ಇರುತ್ತದೆ. ಕರ್ಣ ಪರ್ವದಲ್ಲಿ ಕರ್ಣನ ಮೇಲೆ ಸಾರಥಿ ಶಲ್ಯ ಸಿಟ್ಟಾಗುತ್ತಾನೆ, ಆದರೆ ಸಿಟ್ಟಿಗೆ ಕಾರಣ ಹೇಳಿಯೇ ರಥದಿಂದ ಇಳಿಯುತ್ತಾನೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಕೇಳುತ್ತಾರೆ. ಎದುರಾಳಿಯ ಮಾತಿನ ತುದಿ ಹಿಡಿದೇ ತನ್ನ ಮಾತು ಶುರುಮಾಡಬೇಕು. ಪ್ರಸಂಗ ಮುಗಿದ ಮೇಲೆ ಇಬ್ಬರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ.

ಇದನ್ನು ಕೇಳಿ ಬೆಳೆದ ಕಿವಿಗೆ ಬಿಗ್ ಬಾಸ್ ಮನೆಯ ಜಗಳ ಸಪ್ಪೆ. ನಾಲ್ಕು ಜನ ಒಟ್ಟಿಗೆ ಕೂಗುತ್ತಾರೆ, ಯಾರು ಏನು ಹೇಳಿದರು ಎಂಬುದು ತಿಳಿಯಲು ಕೆಳಗೆ ಅಕ್ಷರ ಓದಬೇಕು. ಜಗಳ ಯಾವುದಕ್ಕೆ ಎಂದು ನೋಡಿದರೆ ಮೊಟ್ಟೆಗೆ, ಹಾಸಿಗೆಗೆ, ಯಾರೋ ಯಾರ ಬೆನ್ನ ಹಿಂದೆ ಏನೋ ಅಂದದ್ದಕ್ಕೆ. ವಾರ ಕಳೆದರೆ ಅವರಿಗೇ ನೆನಪಿರುವುದಿಲ್ಲ. 3ನೇ ಸೀಸನ್‌ನಲ್ಲೇ ಕೈಮಾಡಿದ ಕಾರಣಕ್ಕೆ ಒಬ್ಬರು ಮನೆಯಿಂದ ಹೊರಬಿದ್ದಿದ್ದರು. 11ನೇ ಸೀಸನ್‌ನಲ್ಲಿ ಜಗಳ ಮೈಮೇಲೆ ಹೋಗಿ ಇಬ್ಬರನ್ನು ಒಟ್ಟಿಗೆ ಹೊರಗೆ ಕಳಿಸಬೇಕಾಯಿತು. ಮಾತು ಮುಗಿದಲ್ಲಿ ಕೈ ಶುರುವಾಗುತ್ತದೆ ಎಂಬುದು ಊರಿನ ಬೇಲಿ ಜಗಳ ನೋಡಿದ ಯಾರಿಗೂ ಗೊತ್ತು.

ಗಂಜಿ ಉಂಡರೆ ನರಕವೇ?

11ನೇ ಸೀಸನ್ 2024ರಲ್ಲಿ ಸ್ವರ್ಗ, ನರಕ ಎಂಬ ಎರಡು ಭಾಗ ಮಾಡಿಕೊಂಡು ಶುರುವಾಯಿತು. ನರಕದವರಿಗೆ ಊಟ ಎಂದರೆ ಗಂಜಿ. ಶೌಚಾಲಯಕ್ಕೆ ಹೋಗಲೂ ಸ್ವರ್ಗದವರ ಅಪ್ಪಣೆ ಬೇಕು. ದೂರು ಹೋಗಿ, ರಾಜ್ಯ ಮಹಿಳಾ ಆಯೋಗ ಪೊಲೀಸರಿಗೆ ಪತ್ರ ಬರೆಯಿತು. ಆಮೇಲೆ ನರಕವನ್ನು ಒಡೆದು ಹಾಕಿದರು.

ಶೌಚಾಲಯದ ವಿಷಯ ಮನುಷ್ಯರ ಮಾನದ ಪ್ರಶ್ನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಗಂಜಿಯ ಬಗ್ಗೆ ಯಾರೂ ಹೆಚ್ಚು ಹೇಳಲಿಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ತೋಟಕ್ಕೆ, ಗದ್ದೆಗೆ ಹೋಗುವ ಮೊದಲು ಉಣ್ಣುವುದು ಗಂಜಿ, ಜತೆಗೆ ಮಿಡಿ ಉಪ್ಪಿನಕಾಯಿ. ಬಾಣಂತಿಗೆ ಗಂಜಿ, ಜ್ವರ ಬಂದವರಿಗೆ ಗಂಜಿ. ಕಾರ್ಯಕ್ರಮ ಕಟ್ಟಿದವರಿಗೆ ಅದು ಶಿಕ್ಷೆಯ ಊಟವಾಗಿ ಕಂಡಿತು. ಯಾರನ್ನು ಅವಮಾನಿಸಬೇಕೆಂದೂ ಅವರು ಹಾಗೆ ಮಾಡಿರಲಿಕ್ಕಿಲ್ಲ. ಈ ಅನ್ನ ಉಣ್ಣುವವರೇ ರಾತ್ರಿ ಕೂತು ನೋಡುತ್ತಿದ್ದಾರೆ ಎಂಬುದು ಅವರ ನೆನಪಿಗೇ ಬರಲಿಲ್ಲ ಎಂಬುದು ನಮಗೆ ಹೆಚ್ಚು ಚುಚ್ಚಿತು.

‘ಮುಗ್ಧ’ ಎಂಬ ಪಟ್ಟ

"ಹಳ್ಳಿಯವರನ್ನು ಗೆಲ್ಲಿಸಿದ್ದೂ ಬಿಗ್ ಬಾಸ್ ತಾನೇ?" ಎಂದು ಕೆಲವರು ಕೇಳುತ್ತಾರೆ. ನಿಜ. 5ನೇ ಸೀಸನ್‌ನಲ್ಲಿ ಜನಸಾಮಾನ್ಯರಿಗೆ ಬಾಗಿಲು ತೆರೆದಾಗ ಸೇಲ್ಸ್‌ಮ್ಯಾನ್ ಆಗಿದ್ದ ದಿವಾಕರ್ ಎರಡನೇ ಸ್ಥಾನಕ್ಕೆ ಬಂದರು. 6ನೇ ಸೀಸನ್ ಗೆದ್ದದ್ದು "ಮಾಡರ್ನ್ ರೈತ" ಎಂದು ಹೆಸರಾದ ಶಶಿಕುಮಾರ್. 2019ರ 7ನೇ ಸೀಸನ್‌ಗೆ ಆ ಬಾಗಿಲು ಮುಚ್ಚಿ ಸೆಲೆಬ್ರಿಟಿಗಳನ್ನೇ ತುಂಬಿದರು. ಆಮೇಲೆ 11ನೇ ಸೀಸನ್‌ನಲ್ಲಿ ವೈಲ್ಡ್ ಕಾರ್ಡ್ ಆಗಿ ಬಂದ ಹಾವೇರಿ ಜಿಲ್ಲೆಯ ಹನುಮಂತ ಗೆದ್ದರು. ಕುರಿ ಕಾಯುತ್ತಿದ್ದ ಈ ಹಾಡುಗಾರ ಅದಕ್ಕೂ ಮೊದಲು ‘ಸರಿಗಮಪ’ದಲ್ಲೇ ನಾಡಿಗೆಲ್ಲ ಪರಿಚಯವಾಗಿದ್ದರು.

ಅವರ ಗೆಲುವಿಗೆ ನಾವೂ ಖುಷಿಪಟ್ಟಿದ್ದೇವೆ. ತಕರಾರು ಇರುವುದು ಅವರಿಗೆ ಕೊಟ್ಟ ಪಾತ್ರದ ಬಗ್ಗೆ. ಹಳ್ಳಿಯಿಂದ ಬಂದವರು ಟಿವಿಯಲ್ಲಿ ‘ಮುಗ್ಧ’ರಾಗಿಯೇ ಇರಬೇಕು. ಲುಂಗಿ ಉಡಬೇಕು, ಇಂಗ್ಲಿಷ್ ಪದ ತಪ್ಪು ಹೇಳಬೇಕು, ಪೇಟೆಯವರು ನಗಬೇಕು. ಅವರೇ ಲೆಕ್ಕ ಹಾಕಿ ಒಂದು ಆಟ ಆಡಿದರೆ "ಅಯ್ಯೋ, ಇವನೂ ಕಿಲಾಡಿ" ಎಂಬ ಅಚ್ಚರಿ. ನೂರು ದಿನ ಒಬ್ಬ ಕುರಿಗಾಹಿ ಟಿವಿಯಲ್ಲಿದ್ದರೂ ಕುರಿಗೆ ಬರುವ ರೋಗ, ಮೇಯಿಸಲು ಜಾಗವಿಲ್ಲದ ಕಷ್ಟ, ಉಣ್ಣೆಯ ಬೆಲೆ ಇವು ಎಷ್ಟು ಹೊತ್ತು ಮಾತಿಗೆ ಬಂದವು? ರೈತ ಗೆದ್ದ ಸೀಸನ್‌ನಲ್ಲಿ ಬೇಸಾಯದ ಮಾತು ಎಷ್ಟಿತ್ತು? ಒಳಗೆ ಮಾತಾಡಿದ್ದರೂ ಇರಬಹುದು. ಕತ್ತರಿ ಹಿಡಿದವರು ಅದನ್ನು ನಮಗೆ ತಲುಪಿಸಲಿಲ್ಲ.

ಇದರ ಇನ್ನೊಂದು ಮುಖ ಬಿಗ್ ಬಾಸ್‌ಗಿಂತ ಹಳೆಯದು. ಸುವರ್ಣ ವಾಹಿನಿಯ ‘ಹಳ್ಳಿ ಹೈದ ಪ್ಯಾಟೇಗ್ ಬಂದ’ ನಿಮಗೆ ನೆನಪಿರಬೇಕು. ಹೆಗ್ಗಡದೇವನಕೋಟೆ ಕಡೆಯ ಕಾಡಂಚಿನ ಹಾಡಿಯ ಯುವಕ ರಾಜೇಶ್ ಅದನ್ನು ಗೆದ್ದರು, ಸಿನಿಮಾಕ್ಕೂ ಹೋದರು. 2013ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಮಹಡಿಯಿಂದ ಬಿದ್ದು ತೀರಿಕೊಂಡರು. ಅವರ ಸಾವನ್ನು ಒಂದು ಕಾರ್ಯಕ್ರಮದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಒಬ್ಬ ಹುಡುಗನನ್ನು ಅವನ ಲೋಕದಿಂದ ಎತ್ತಿ ತಂದು, ನಾಡಿಗೆಲ್ಲ ತೋರಿಸಿ, ಶೋ ಮುಗಿದ ದಿನ ಕೈಬಿಡುವ ವ್ಯವಸ್ಥೆಯ ಬಗ್ಗೆ ಆಗಲೇ ಗಟ್ಟಿಯಾಗಿ ಕೇಳಬೇಕಿತ್ತು. ಇವತ್ತು ರೀಲ್ಸ್ ಮಾಡುವ ನಮ್ಮ ಊರಿನ ಹುಡುಗ ಹುಡುಗಿಯರು ಬಿಗ್ ಬಾಸ್ ಮನೆಯ ಕನಸು ಕಾಣುತ್ತಾರೆ. ಅವರಿಗೆ ಇದನ್ನು ಹೇಳುವವರು ಬೇಕು.

ವೋಟಿನ ಲೆಕ್ಕ

ಹನುಮಂತ ಗೆದ್ದಾಗ ಘೋಷಿಸಿದ ವೋಟು 5 ಕೋಟಿ 23 ಲಕ್ಷಕ್ಕೂ ಹೆಚ್ಚು. 2023ರ ವಿಧಾನಸಭೆ ಚುನಾವಣೆಯಲ್ಲಿ ಇಡೀ ಕರ್ನಾಟಕದ ಮತದಾರರ ಪಟ್ಟಿಯಲ್ಲಿದ್ದವರು ಸುಮಾರು 5 ಕೋಟಿ 30 ಲಕ್ಷ. ಅಂದರೆ ಹೆಚ್ಚುಕಡಿಮೆ ರಾಜ್ಯದ ಎಲ್ಲ ಮತದಾರರೂ ಒಬ್ಬರಿಗೇ ಒತ್ತಿದಂತಾಯಿತು. ಹಾಗಾಗಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆಪ್‌ನಲ್ಲಿ ಒಬ್ಬರೇ ಹಲವು ಸಲ ಒತ್ತಬಹುದು. ಹೆಬ್ಬೆರಳಿಗೆ ಬಿಡುವಿದ್ದವರ, ನೆಟ್‌ವರ್ಕ್ ಇದ್ದವರ ಎಣಿಕೆ ಅದು. ಶರಾವತಿ ಹಿನ್ನೀರಿನ ಕಡೆ ಸಿಗ್ನಲ್‌ಗೆ ಗುಡ್ಡ ಹತ್ತುವವರು ಅಡಿಕೆ ಸುಲಿದು ಮುಗಿಸಿ ವೋಟು ಹಾಕಲು ಗುಡ್ಡ ಹತ್ತುವುದಿಲ್ಲ.

ಆಟದ ವೋಟು ಆಟಕ್ಕೆ, ಅದರಲ್ಲಿ ತಪ್ಪೇನು ಎನ್ನಬಹುದು. ಆದರೆ ಒಬ್ಬರಿಗೆ ಒಂದೇ ವೋಟು, ಅದಕ್ಕೊಂದು ತೂಕ ಎಂಬ ಮಾತನ್ನು ಶಾಲೆಯಲ್ಲಿ ಕಲಿಯುವ ಮಕ್ಕಳು ಮನೆಗೆ ಬಂದು ಹತ್ತು ಸಲ ಒತ್ತುವುದನ್ನು ನೋಡುತ್ತಾರೆ. ಆಟದಲ್ಲಿ ಸಿಟ್ಟು ಬಂದರೆ ಒಬ್ಬರನ್ನೊಬ್ಬರು "ನಾಮಿನೇಟ್" ಮಾಡುತ್ತಾರೆ. ಜತೆಗಿರುವವನನ್ನು ಹೊರಹಾಕಲು ಕಾರಣ ಹುಡುಕುವುದೇ ಆಟ ಎಂಬುದು ಅವರಿಗೆ ಎಷ್ಟು ಬೇಗ ಬಂತು!

ಎರಡು ದಿನದ ಬೀಗ

2025ರ ಅಕ್ಟೋಬರ್‌ನಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಆದೇಶದಂತೆ ಬಿಡದಿಯ ಸ್ಟುಡಿಯೊಗೆ ಬೀಗ ಬಿತ್ತು. ಕೊಳಚೆ ನೀರನ್ನು ಶುದ್ಧ ಮಾಡದೆ ಹೊರಬಿಡುತ್ತಾರೆ ಎಂಬುದು ಮಂಡಳಿಯ ಆಕ್ಷೇಪ. ಸ್ಪರ್ಧಿಗಳನ್ನು ರೆಸಾರ್ಟ್‌ಗೆ ಸಾಗಿಸಿದರು. ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಮಧ್ಯ ಪ್ರವೇಶಿಸಿದರು. ಎರಡೇ ದಿನಕ್ಕೆ ಬೀಗ ತೆರೆಯಿತು. ಅಷ್ಟು ಹೊತ್ತೂ ನ್ಯೂಸ್ ಚಾನೆಲ್‌ಗಳಲ್ಲಿ ಅದೇ ಸುದ್ದಿ.

ಅದೇ ವರ್ಷದ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತ ಮೇಲೆ ಆ ಭಾಗದ ಜನ ಲಾಂಚಿಗೆ ಕಾದದ್ದು ಎಷ್ಟು ವರ್ಷ ಎಂದು ನೀವೇ ಲೆಕ್ಕ ಹಾಕಿ. ಮುಳುಗಡೆ ಸಂತ್ರಸ್ತರ ಜಮೀನಿನ ಹಕ್ಕು ಇನ್ನೂ ಬಗೆಹರಿದಿಲ್ಲ. ಇದಕ್ಕೆ ಬಿಗ್ ಬಾಸ್ ಹೊಣೆಯಲ್ಲ. ಆದರೆ ಪತ್ರಿಕೋದ್ಯಮ ಓದಿ ಊರಲ್ಲೇ ಉಳಿದ ನಮ್ಮಂಥವರಿಗೆ ಆ ಎರಡು ದಿನದ ಸುದ್ದಿ ನೋಡುವಾಗ, ಕ್ಯಾಮೆರಾ ಯಾವ ಬೀಗದ ಮುಂದೆ ನಿಲ್ಲುತ್ತದೆ ಎಂಬುದು ಅರ್ಥವಾಯಿತು. ಟಿವಿ ಶೋ ಸುದ್ದಿಯ ಜಾಗವನ್ನೂ ತಿನ್ನತೊಡಗಿದೆ.

ನೋಡುವವರ ಕೈಯಲ್ಲೂ ಇದೆ

ಈ ಆಟ ಎಲ್ಲೂ ಬೀಳುವುದಿಲ್ಲ ಎಂದುಕೊಳ್ಳಬೇಡಿ. 2007ರಲ್ಲಿ ಬ್ರಿಟನ್ನಿನ ಸೆಲೆಬ್ರಿಟಿ ಬಿಗ್ ಬ್ರದರ್‌ನಲ್ಲಿ ಮಂಗಳೂರು ಮೂಲದ ಶಿಲ್ಪಾ ಶೆಟ್ಟಿ ಅವರನ್ನು ಜತೆಗಿದ್ದವರು ಜನಾಂಗದ ಹೆಸರಲ್ಲಿ ಹೀಯಾಳಿಸಿದರು. ಅಲ್ಲಿನ ಪ್ರಸಾರ ನಿಯಂತ್ರಣ ಸಂಸ್ಥೆಗೆ 40,000ಕ್ಕೂ ಹೆಚ್ಚು ದೂರು ಹೋದವು. ಆ ಸಲ ಗೆದ್ದವರು ಶಿಲ್ಪಾ. 2010ರಲ್ಲಿ ಚಾನೆಲ್ 4 ಬಿಗ್ ಬ್ರದರ್ ಅನ್ನೇ ಕೈಬಿಟ್ಟಿತು. ಆಮೇಲೆ ಬೇರೆ ಚಾನೆಲ್‌ಗಳು ಎತ್ತಿಕೊಂಡವು, ಅದು ಬೇರೆ ಮಾತು. ದೂರು ಕೊಟ್ಟವರೆಲ್ಲ ಕಾರ್ಯಕ್ರಮ ನೋಡುವವರೇ ಆಗಿದ್ದರು ಎಂಬುದನ್ನು ಗಮನಿಸಿ.

ನಮ್ಮಲ್ಲೂ ದಾರಿ ಇದೆ. 2021ರ ಕೇಬಲ್ ಟಿವಿ ನಿಯಮಗಳ ಪ್ರಕಾರ ಯಾವ ವೀಕ್ಷಕರೂ ಮೊದಲು ಚಾನೆಲ್‌ಗೆ ಬರೆದು ದೂರು ಕೊಡಬಹುದು. 15 ದಿನದೊಳಗೆ ಅವರು ಉತ್ತರಿಸಬೇಕು. ಉತ್ತರ ಸರಿಬಾರದಿದ್ದರೆ ಚಾನೆಲ್‌ಗಳೇ ಮಾಡಿಕೊಂಡ ಸ್ವನಿಯಂತ್ರಣ ಮಂಡಳಿಗೆ, ಅಲ್ಲಿಂದ ಕೇಂದ್ರ ಸರ್ಕಾರದ ಹಂತಕ್ಕೆ ಹೋಗಬಹುದು. ಮಹಿಳೆಯರನ್ನು ಕೀಳಾಗಿ ತೋರಿಸಿದಾಗ, ಒಬ್ಬರ ಊಟ, ಭಾಷೆ, ಬಡತನವನ್ನು ನಗೆಗೆ ಬಳಸಿದಾಗ ಸ್ಟೇಟಸ್ ಹಾಕುವ ಬದಲು ನಾಲ್ಕು ಸಾಲು ಕನ್ನಡದಲ್ಲೇ ಬರೆದು ಕಳಿಸಿ. ಮಹಿಳಾ ಸ್ವಸಹಾಯ ಸಂಘಗಳು ಒಟ್ಟಾಗಿ ಬರೆದರೆ ಇನ್ನೂ ಒಳ್ಳೆಯದು.

ಸುದೀಪ್ ಅವರಿಗೂ ಒಂದು ಮಾತು. 2024ರಲ್ಲಿ ಇನ್ನು ಸಾಕು ಎಂದು ಹೇಳಿದ್ದ ನೀವು 12ನೇ ಸೀಸನ್‌ಗೆ ಮರಳಿ ಬಂದಿರಿ. ವಾರದ ಪಂಚಾಯ್ತಿಯಲ್ಲಿ ನೀವು ಒಬ್ಬರ ಮಾತನ್ನು ಪೂರ್ತಿ ಕೇಳಿ ಆಮೇಲೆ ಪ್ರಶ್ನೆ ಹಾಕುವುದನ್ನು ಇಲ್ಲಿ ಹಿರಿಯರು ಮೆಚ್ಚುತ್ತಾರೆ. ಆ ಕ್ರಮ ಸೋಮವಾರದಿಂದ ಶುಕ್ರವಾರದವರೆಗೂ ಮನೆಯೊಳಗೆ ಇರಲಿ. ಟಾಸ್ಕ್‌ಗಳಲ್ಲಿ ಮಡಕೆ ಒಡೆಸುವ ಬದಲು ಒಂದು ಸಂಜೆ ಇಬ್ಬರನ್ನು ಎದುರು ಬದುರು ಕೂರಿಸಿ, ಒಂದು ವಿಷಯ ಕೊಟ್ಟು, ಒಬ್ಬರಾದ ಮೇಲೆ ಒಬ್ಬರು ಮಾತಾಡಲಿ ಎನ್ನಿ. ಹೇಗೆ ನಡೆಸುವುದು ಎಂದು ಗೊತ್ತಾಗದಿದ್ದರೆ ನಿಮ್ಮದೇ ಜಿಲ್ಲೆಯ ಯಾವುದಾದರೂ ಊರಿಗೆ ಮಳೆಗಾಲದಲ್ಲಿ ಬನ್ನಿ, ತಾಳಮದ್ದಲೆ ನಡೆಯುವ ಮನೆ ತೋರಿಸುತ್ತೇವೆ. ಬೆಳಗಿನ ಜಾವದವರೆಗೂ ಎದ್ದು ಹೋಗದೆ ಕೂತ ಪ್ರೇಕ್ಷಕರನ್ನೂ ಅಲ್ಲೇ ನೋಡಬಹುದು.